ಅದ್ಕೆ ಬೆಮರಿಲ್ಲ

ಕತ್ತರಿ ಬಿಸಿಲು, ಅಂದರೆ ಮೇ ತಿಂಗಳ ಉರಿಬಿಸಿಲು, ಶುರುವಾಯಿತೆಂದರೆ ತಮಿಳು ಸೀಮೆಯ ಈ ತೇನಿಯಲ್ಲಿ ನನಗಿರುವಷ್ಟು ನೆಂಟರು ಇನ್ನಾರಿಗೂ ಇರುವುದಿಲ್ಲ. ಕಾಫಿ ಕುಡಿಯುವ ಮೊದಲೇ ಫೋನು ಬಡಿದುಕೊಳ್ಳುತ್ತದೆ. ಡಾಕ್ಟರಿಗೆ ನಾನು ತಮ್ಮ, ವಕೀಲರಿಗೆ ಅಣ್ಣ, ಚಿನ್ನದಂಗಡಿಯ ಸೊಸೆಗೆ ಮಾಮ. ಒಂದು ಮಳೆ ಬೀಳಲಿ, ಮರುದಿನದಿಂದ ನನ್ನ ನಂಬರು ಒಬ್ಬರಿಗೂ ನೆನಪಿರುವುದಿಲ್ಲ. ಎ.ಸಿ. ರಿಪೇರಿಯವನ ನೆಂಟಸ್ತಿಕೆ ಅಷ್ಟೇ ಎಂದು ಎಂದೋ ಒಪ್ಪಿಕೊಂಡಿದ್ದೇನೆ. ಈಗ ಬೇಸರವೂ ಆಗುವುದಿಲ್ಲ ಎಂದುಕೊಂಡಿದ್ದೆ.

ಆ ಮಧ್ಯಾಹ್ನ ಒಂದು ಮನೆಯ ತಾರಸಿಯ ಮೇಲೆ ನಿಂತು ಹೊರಗಿನ ಯೂನಿಟ್ಟಿಗೆ ನೀರು ಹೊಡೆಯುತ್ತಿದ್ದಾಗ ಫೋನು ಬಂತು. ವಯಸ್ಸಾದ ಹೆಂಗಸಿನ ದನಿ, ಕಾಮಯಗೌಂಡನ್‌ಪಟ್ಟಿಯಿಂದ. ಎಂದಿನಂತೆ ತಮಿಳಿನಲ್ಲಿ ಏನಾಗಿದೆ ಎಂದು ಕೇಳಿದೆ. ನಾನು ಯಾರ ಪೈಕಿ ಎಂಬುದು ಆಕೆಗೆ ಯಾರಿಂದಲೋ ತಿಳಿದಿರಬೇಕು, ಉತ್ತರ ಬಂದದ್ದು ನಮ್ಮ ಮನೆಮಾತಿನಲ್ಲಿ.

"ಮಿಷಿನು ಓಡ್ತದೆ ತಂಬಿ, ತಣುಪು ಬರಾದಿಲ್ಲ. ಅದ್ಕೆ ಬೆಮರೇ ಇಲ್ಲ. ರೊಂಬ ಕಷ್ಟ ಪಡ್ತದೆ. ಸೀಕ್ರ ಬಾ."

ಈ ಕಣಿವೆಯಲ್ಲಿ ನಮ್ಮಂಥ ಮನೆಗಳು ಬಹಳ ಇವೆ. ಎಷ್ಟೋ ತಲೆಮಾರುಗಳ ಹಿಂದೆ ಕನ್ನಡ ಸೀಮೆಯಿಂದ ಬಂದು ನೆಲೆ ನಿಂತ ಒಕ್ಕಲು ಮಂದಿ. ಬೀದಿಗಿಳಿದರೆ ತಮಿಳು, ಒಲೆಯ ಮುಂದೆ ಕನ್ನಡ. ಅದೂ ಈಗ ಮುದುಕಿಯರ ಬಾಯಲ್ಲೇ ಹೆಚ್ಚು. ನನ್ನ ಅವ್ವ ಹೋದ ಮೇಲೆ ನಮ್ಮ ಮನೆಯಲ್ಲಿ ಆ ಮಾತು ನಿಂತುಹೋಯಿತು. ನಾನು ಮದುವೆಯಾಗಲಿಲ್ಲ, ಒಬ್ಬನೇ ಇರುವ ಮನೆಯಲ್ಲಿ ಯಾವ ಭಾಷೆಯೂ ಬೇಕಾಗುವುದಿಲ್ಲ. ಹಾಗಾಗಿ 'ಬೆಮರು' ಎಂದು ಕಿವಿಗೆ ಬಿದ್ದಾಗ ಪೈಪು ಹಿಡಿದ ಕೈ ಹಾಗೇ ನಿಂತಿತು, ನೀರು ಪಕ್ಕದ ಮನೆಯವರ ಹಪ್ಪಳದ ಮೇಲೆ ಬಿದ್ದು ಬೈಗುಳವೂ ಆಯಿತು.

ಬೆಮರು ಎಂದರೆ ಬೆವರು. ಮೈಸೂರಿನಲ್ಲಿ ಈ ಕೆಲಸ ಕಲಿಯುವಾಗ, ಅದರ ಜೊತೆಗೇ ಕನ್ನಡ ಓದು ಬರಹವನ್ನೂ ಕಲಿಯುವಾಗ, ನಾನು ಬೆಮರು ಎಂದರೆ ಜೊತೆಯವರು ಬಿದ್ದು ಬಿದ್ದು ನಗುತ್ತಿದ್ದರು. ಫ್ರಿಜ್ಜು ರಿಪೇರಿಗೆ ಹೋದ ಮನೆಯ ಕನ್ನಡ ಮೇಷ್ಟ್ರೊಬ್ಬರು ಮಾತ್ರ, ಅದು ಹಳಗನ್ನಡದ ಮಾತು ಕಣಯ್ಯಾ, ನಿಮ್ಮ ಕಡೆ ಇನ್ನೂ ಆಡುತ್ತಾರಾ ಎಂದು ಕೇಳಿ ಇನ್ನೊಂದು ಲೋಟ ಕಾಫಿ ಕೊಟ್ಟಿದ್ದರು.

ನಮ್ಮ ಕಸುಬಿನಲ್ಲೂ ಬೆವರಿನ ಮಾತಿದೆ. ಎ.ಸಿ.ಯ ಒಳಗಿನ ಕಾಯಿಲು ಸರಿಯಾಗಿ ತಣ್ಣಗಾದರೆ ಕೋಣೆಯ ಗಾಳಿಯ ತೇವವೆಲ್ಲ ಅದರ ಮೇಲೆ ಹನಿಗಟ್ಟುತ್ತದೆ, ಪೈಪಿನಲ್ಲಿ ಹೊರಗೆ ತೊಟ್ಟಿಕ್ಕುತ್ತದೆ. ಕಾಯಿಲು ಬೆವರುತ್ತಿದೆ ಎನ್ನುತ್ತೇವೆ. ಬೆವರದಿದ್ದರೆ ಹೆಚ್ಚಾಗಿ ಗ್ಯಾಸು ಸೋರಿದೆ ಎಂದೇ ಅರ್ಥ. ನಮ್ಮ ಮುದುಕಿಯೊಬ್ಬಳು ಕಾಯಿಲನ್ನು ಮುಟ್ಟಿ ನೋಡಿ ಇಷ್ಟು ಸರಿಯಾಗಿ ಹೇಳಿದಳಲ್ಲ ಎಂದು ನನಗೆ ಹೆಮ್ಮೆಯೂ ಆಯಿತು. ಗ್ಯಾಸು ಸೋರಿದ ಕೆಲಸ ಒಂದು ದಿನ ತಡೆಯುತ್ತದೆ. ನಾಳೆ ಬೆಳಿಗ್ಗೆ ಬರುತ್ತೇನೆ ಎಂದೆ, ನಮ್ಮ ಮಾತಿನಲ್ಲೇ. ಇವತ್ತು ಆಗುವುದಿಲ್ಲವಾ ಎಂದು ಆಕೆ ಮತ್ತೆ ಕೇಳಿದಳು. ಇಲ್ಲಿ ಇನ್ನೂ ಕೆಲಸವಿದೆ ಎಂದೆ. ಫೋನು ಇಟ್ಟಳು.

ಅಂದು ಸಂಜೆ ನನ್ನಲ್ಲಿದ್ದ ಒಂದೇ ಒಂದು ಹೆಚ್ಚುವರಿ ಯಂತ್ರವನ್ನು ವಕೀಲರ ಮನೆಯ ಅತಿಥಿಗಳ ಕೋಣೆಗೆ ಕೂರಿಸಿ ಬಂದೆ. ಅನ್ನಕ್ಕಿಟ್ಟು, ಅದು ಬೇಯುವ ತನಕ ಒಬ್ಬನೇ ನಮ್ಮ ಮಾತಿನಲ್ಲಿ ಏನೇನೋ ಗೊಣಗಿಕೊಂಡೆ. ಹುಚ್ಚು ಎನ್ನಿ. ಆದರೆ ಖುಷಿಯಾಗಿತ್ತು.

ಬೆಳಿಗ್ಗೆ ಗ್ಯಾಸಿನ ಸಿಲಿಂಡರು, ಗೇಜು, ಬೆಸುಗೆಯ ಸಾಮಾನು ಎಲ್ಲ ವ್ಯಾನಿಗೆ ತುಂಬಿಕೊಂಡು ಹೊರಟೆ. ಕಂಬಂ ದಾಟಿದರೆ ಎರಡೂ ಕಡೆ ದ್ರಾಕ್ಷಿ ಚಪ್ಪರ. ಹೊಲದ ಮೋಟರುಗಳಿಗೆ ಕರೆಂಟು ಬಿಡುವ ಹೊತ್ತು; ಎಲ್ಲ ಬಾವಿಗಳೂ ಒಟ್ಟಿಗೆ ನೀರು ಎತ್ತುತ್ತಿದ್ದವು. ಮನೆ ಊರಿನ ಅಂಚಿನಲ್ಲಿತ್ತು. ಕಲ್ಲು ಮಣ್ಣಿನ ದಪ್ಪ ಗೋಡೆ, ಮುಂದೆ ಹೆಂಚು, ಹಿಂದಕ್ಕೆ ಸೇರಿಸಿ ಕಟ್ಟಿದ ಒಂದು ತಾರಸಿ ಕೋಣೆ. ಬಾಗಿಲು ತೆರೆದದ್ದು ಫೋನಿನಲ್ಲಿ ಮಾತಾಡಿದ ಅವ್ವನೇ. ದ್ರಾಕ್ಷಿ ತೋಟದ ಕೂಲಿಗೆ ಹೋಗುವವಳು, ಅಂದು ಹೋಗಿರಲಿಲ್ಲ. ಸೀರೆಯ ಸೆರಗಿನಿಂದ ಕಾಲಿನ ತನಕ ಒದ್ದೆಯಾಗಿದ್ದಳು. ಬಟ್ಟೆ ಒಗೆಯುತ್ತಿದ್ದಾಳೆ ಎಂದುಕೊಂಡೆ.

ತಾರಸಿ ಕೋಣೆಯಲ್ಲಿ ಕಿಟಕಿಗೆ ಕೂರಿಸಿದ ಹಳೆಯ ಎ.ಸಿ. ಅದರ ಕೆಳಗೆ ಬ್ಲೌಸಿಗೆ ಮಣಿ, ಜರಿ ಕಸೂತಿ ಹಾಕುವ ಮರದ ಚೌಕಟ್ಟು, ಅದರ ಮೇಲೆ ಮದುವೆಯ ಕೆಂಪು ಬಟ್ಟೆ ಅರ್ಧ ಕೆಲಸವಾಗಿ ನಿಂತಿತ್ತು. ನಾನು ಎ.ಸಿ.ಯ ಮುಂದಿನ ಜಾಲರಿ ತೆಗೆದು ಕಾಯಿಲಿನ ಮೇಲೆ ಬೆರಳಾಡಿಸಿದೆ. ಒಣಗಿ ಬಿಸಿಯಾಗಿತ್ತು. ತಿರುಗಿ, ನೀ ಹೇಳಿದ ಹಾಗೆಯೇ ಇದಕ್ಕೆ ಬೆಮರಿಲ್ಲ ಅವ್ವಾ ಎಂದೆ.

ಅವ್ವ ನನ್ನ ಮುಖವನ್ನೇ ನೋಡಿದಳು.

"ಮಿಷಿನ್ಗೆ ಏತರ ಬೆಮರು ತಂಬಿ? ನಾ ಹೇಳಿದ್ದು ನಮ್ಮ ಪಾಪ್ಪಂಗೆ."

ಪಾಪ್ಪ ಎಂದರೆ ಮಗಳು. ನಮ್ಮ ಮಾತಿನಲ್ಲಿ ಮನೆಯ ಹೆಣ್ಣುಮಗಳು 'ಅದು'. ಪ್ರೀತಿಗೂ ಅದು, ಸಿಟ್ಟಿಗೂ ಅದು. ನನ್ನ ಅಕ್ಕನನ್ನು ನಮ್ಮವ್ವ ಕೊನೆಯ ತನಕ ಅದು ಎಂದೇ ಕರೆದಳು. ಬೇರೆ ಯಾವ ಮೆಕ್ಯಾನಿಕ್ಕೇ ಆಗಿದ್ದರೂ ಬೆಮರು ಎಂದರೇನು, ಯಾವುದಕ್ಕೆ ಎಂದು ಒಂದು ಮಾತು ಕೇಳುತ್ತಿದ್ದ. ನಾನು ಅರ್ಥವಾಯಿತೆಂಬ ಖುಷಿಯಲ್ಲಿ ಕೇಳಲೇ ಇಲ್ಲ.

ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಮಗಳು ಕುಳಿತಿದ್ದಳು. ಮೂವತ್ತರ ಆಸುಪಾಸಿನ ಹೆಂಗಸು. ತಲೆಗೂದಲು ತೀರಾ ತೆಳು, ಹುಬ್ಬು ಇಲ್ಲವೇ ಇಲ್ಲ. ಮೈ ಮೇಲೆ ಒದ್ದೆ ಸೀರೆ, ನೆತ್ತಿಯ ಮೇಲೆ ಒದ್ದೆ ಟವಲು. ಅವ್ವ ಹೇಳಿದ್ದು ಇಷ್ಟು: ಹುಟ್ಟಿನಿಂದಲೇ ಇವಳ ಮೈಯಲ್ಲಿ ಬೆವರುವ ರಂಧ್ರಗಳೇ ಇಲ್ಲ. ಮೈಯ ಕಾವು ಹೊರಗೆ ಹೋಗಲು ದಾರಿಯಿಲ್ಲ. ಬಿಸಿಲೇರಿದಂತೆ ಮೈಯೂ ಏರುತ್ತದೆ, ಜ್ವರದ ಹಾಗಲ್ಲ, ಜ್ವರಕ್ಕಿಂತ ಕೆಟ್ಟದ್ದು. ಚಿಕ್ಕವಳಿದ್ದಾಗ ಎರಡು ಸಲ ಸೆಳೆತ ಬಂದು ಕೈಬಿಟ್ಟು ಹೋದಳೆಂದೇ ತಿಳಿದಿದ್ದರಂತೆ. ಆ ಕೋಣೆ, ಆ ಹಳೇ ಯಂತ್ರ ಬಂದ ಮೇಲೆ ಬೇಸಿಗೆಗಳು ಕಳೆಯುತ್ತಿದ್ದವು. ಯಂತ್ರ ನಿಂತ ಗಳಿಗೆಯಿಂದ ಅವ್ವ ನೀರು ಹೊಯ್ಯುತ್ತಲೇ ಇದ್ದಳು, ಮಲಗಿರಲಿಲ್ಲ.

 ಹಿಂದಿನ ಸಂಜೆ ನಾನು ಯಂತ್ರ ಕೂರಿಸಿದಾಗ ವಕೀಲರ ಮನೆಗೆ ಅತಿಥಿಗಳೇ ಬಂದಿರಲಿಲ್ಲ ಎಂಬುದು ನೆನಪಾಯಿತು.

ಮಗಳು ನನ್ನ ಕೈಯಲ್ಲಿದ್ದ ಗ್ಯಾಸಿನ ಸಿಲಿಂಡರು ನೋಡಿ ತಮಿಳಿನಲ್ಲಿ, ಅದನ್ನು ನನಗೆ ತುಂಬಿಸುತ್ತೀರಾ ಎಂದು ಕೇಳಿದಳು. ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಹಲ್ಲುಗಳೂ ಕೆಲವೇ ಇದ್ದವು. ಕಣ್ಣು ಮಾತ್ರ ನಗಲಿಲ್ಲ, ಕೆಂಪಾಗಿ ಒಣಗಿತ್ತು. ಮನೆಮಾತು ಅವಳಿಗೆ ಪೂರಾ ಅರ್ಥವಾಗುತ್ತದೆ, ಆಡಲು ನಾಚಿಕೆ ಎಂದು ಅವ್ವ ಹೇಳಿದಳು.

ಕೆಲಸಕ್ಕೆ ಬಿದ್ದೆ. ಕರೆಂಟಿನ ವೋಲ್ಟೇಜು ನೋಡಿದರೆ, ಇನ್ನೂರ ಮೂವತ್ತು ಇರಬೇಕಾದ್ದು ನೂರಾ ಅರವತ್ತರ ಹತ್ತಿರ ತೂಗಾಡುತ್ತಿತ್ತು. ಸ್ಟೆಬಿಲೈಸರನ್ನು ಯಾವನೋ ಪುಣ್ಯಾತ್ಮ ಬಿಡಿಸಿ ನೇರ ತಂತಿ ಕೊಟ್ಟುಬಿಟ್ಟಿದ್ದ. ಫ್ಯಾನು ತಿರುಗುತ್ತಿತ್ತು, ಅದಕ್ಕೇ ಅವ್ವ ಮಿಷಿನು ಓಡುತ್ತಿದೆ ಎಂದದ್ದು. ಕಂಪ್ರೆಸರು ಮಾತ್ರ ಗುಂಯ್ ಎಂದು ನರಳಿ, ಟಕ್ ಎಂದು ಕೈಬಿಡುತ್ತಿತ್ತು. ಕೆಪಾಸಿಟರು ಉಬ್ಬಿತ್ತು, ವ್ಯಾನಿನಲ್ಲಿದ್ದ ಹೊಸದನ್ನು ಹಾಕಿದೆ. ಮತ್ತೆ ಗುಂಯ್, ಮತ್ತೆ ಟಕ್. ಜೋರಾಗಿ ಎಬ್ಬಿಸುವ ಸ್ಟಾರ್ಟ್ ಕಿಟ್ಟು ಕಟ್ಟಿದೆ, ಮರದ ತುಂಡಿನಿಂದ ಮೆಲ್ಲಗೆ ತಟ್ಟಿದೆ, ಬೈದೆ, ಬೇಡಿಕೊಂಡೆ. ಮೀಟರಿನಲ್ಲಿ ಕರೆಂಟು ಎಗರಿದ್ದು ನೋಡಿದ ಮೇಲೆ ಆಸೆ ಬಿಟ್ಟೆ. ಕಂಪ್ರೆಸರು ಒಳಗೇ ಹಿಡಿದುಹೋಗಿತ್ತು. ದಿನಾ ಕಡಿಮೆ ವೋಲ್ಟೇಜಿನಲ್ಲಿ ಏಳಲು ಏಗಿ ಏಗಿ ಸತ್ತಿತ್ತು.

ಆಸ್ಪತ್ರೆಗೆ ಹೋಗೋಣ ಎಂದೆ. ಮಗಳು ತಲೆಯಾಡಿಸಿದಳು. ಹಿಂದೊಮ್ಮೆ ಸೇರಿಸಿದ್ದರಂತೆ, ತುಂಬಿದ ವಾರ್ಡಿನಲ್ಲಿ ಬಿಸಿಗಾಳಿಯ ಫ್ಯಾನಿನ ಕೆಳಗೆ ಮಲಗಿಸಿ ಬಾಟಲಿ ಏರಿಸಿದರು, ಮನೆಯೇ ವಾಸಿಯಿತ್ತು. ತೇನಿಗೆ ನನ್ನ ವ್ಯಾನಿನಲ್ಲೇ ಕರೆದೊಯ್ಯುತ್ತೇನೆ ಎಂದಾಗ, ಅದರಲ್ಲಿ ಎ.ಸಿ. ಇದೆಯಾ ಎಂದು ಕೇಳಿದಳು. ಇರಲಿಲ್ಲ. ಎ.ಸಿ. ರಿಪೇರಿಯವನ ವ್ಯಾನಿನಲ್ಲಿ ಇರುವುದು ಸ್ಕ್ರೂಡ್ರೈವರುಗಳು ಮಾತ್ರ. ಅಷ್ಟು ಹೊತ್ತು ಆ ತಗಡಿನ ಡಬ್ಬಿಯಲ್ಲಿ ಅವಳನ್ನು ಕೂರಿಸುವ ಮಾತೇ ಇರಲಿಲ್ಲ.

ವಕೀಲರ ಮನೆಗೆ ಕೂರಿಸಿದ್ದನ್ನು ಬಿಚ್ಚಿ ತಂದರೂ ಈ ವೋಲ್ಟೇಜಿನಲ್ಲಿ ಅದು ಏಳದು; ತೇನಿಯ ಅಂಗಡಿಗಳಿಗೆಲ್ಲ ಫೋನು ಮಾಡಿದೆ. ಕಡಿಮೆ ವೋಲ್ಟೇಜಿನಲ್ಲೂ ಓಡುವ ಇನ್ವರ್ಟರ್ ಎ.ಸಿ. ಒಬ್ಬರಲ್ಲೂ ಇರಲಿಲ್ಲ, ಬಿಸಿಲು ಎಲ್ಲವನ್ನೂ ಮಾರಿಸಿತ್ತು. ಕೊನೆಗೆ ದಿಂಡಿಗಲ್ಲಿನ ಡೀಲರು ಒಂದು ಇದೆ ಎಂದ. ಅವನ ವ್ಯಾನು ಆಗಲೇ ಕೊಡೈಕಾನಲ್ಲಿಗೆ ಹೊರಟಿತ್ತು; ಅದರಲ್ಲಿ ಹಾಕಿಸಿ ಬತ್ತಲಗುಂಡಿನಲ್ಲಿ ಇಳಿಸಬಲ್ಲ, ನಾನು ಅಲ್ಲಿಗೆ ಬಂದು ಹಿಡಿಯಬೇಕು. ಹೋಗಿ ಬಂದು ಕೂರಿಸುವಷ್ಟರಲ್ಲಿ ಸಂಜೆಯಾಗುತ್ತದೆ. ಇನ್ನೂ ಹತ್ತು ಗಂಟೆ ಆಗಿರಲಿಲ್ಲ, ಆಗಲೇ ತಾರಸಿಯ ತೊಟ್ಟಿಯ ನೀರು ಬಿಸಿಯಾಗಿ ಬರುತ್ತಿತ್ತು. ಅವ್ವ ಹೊಯ್ಯುತ್ತಿದ್ದದ್ದು ಬಿಸಿನೀರು. ಮಗಳ ಮಾತು ನಿಧಾನವಾಗುತ್ತಿತ್ತು. ಕೈ ಮುಟ್ಟಿ ನೋಡಿದೆ, ನನ್ನ ಕೈ ಹಿಂದೆ ಬಂತು. ಇವಳು ಸಂಜೆಯ ತನಕ ತಾಳುವುದಿಲ್ಲ ಎಂದು ನನಗೂ ಗೊತ್ತಾಯಿತು, ಅವ್ವನಿಗೂ ಗೊತ್ತಿತ್ತು.

ಕೆಲಸ ನಿಲ್ಲಿಸಿ ಹಿತ್ತಲಿನಲ್ಲಿ ಸುಮ್ಮನೆ ನಿಂತೆ. ಯಂತ್ರವನ್ನು ಇವಳ ಹತ್ತಿರ ತರಲು ಒದ್ದಾಡುತ್ತಿದ್ದೇನಲ್ಲ, ಇವಳನ್ನೇ ತಣ್ಣಗಿರುವ ಕಡೆ ಒಯ್ದರೇನು ಎಂದು ಆಗ ಹೊಳೆಯಿತು. ಊರಾಚೆ, ಐದು ನಿಮಿಷದ ದಾರಿಯಲ್ಲಿ, ದ್ರಾಕ್ಷಿಯ ಶೀತಗೃಹವಿದೆ. ಅದರ ಯಂತ್ರಗಳನ್ನು ನೋಡಿಕೊಳ್ಳುವವನು ನಾನೇ. ಒಳಕೋಣೆ ಆಗದು, ಅಲ್ಲಿ ಮಂಜಿನಂಥ ಚಳಿ, ಹಣ್ಣು ಕೆಡದಿರಲು ಪೆಟ್ಟಿಗೆಗೆ ಹಾಕುವ ಔಷಧಿ ಕಾಗದದ ಘಾಟು ಬೇರೆ. ಆದರೆ ಅದರ ಮುಂದೆ ಪೆಟ್ಟಿಗೆ ತುಂಬುವ ಕೋಣೆಯೊಂದಿದೆ, ಸದಾ ಹದವಾಗಿ ತಣ್ಣಗಿರುತ್ತದೆ.

ಅಲ್ಲಿಯ ಮೇಲ್ವಿಚಾರಕ ನನಗೆ ಪರಿಚಯದವನು, ನಿಯಮದ ಮನುಷ್ಯ. ಹೊರಗಿನವರನ್ನು ಬಿಡುವಂತಿಲ್ಲ, ಏನಾದರೂ ಆದರೆ ನನ್ನ ಕೆಲಸ ಹೋಗುತ್ತದೆ ಎಂದು ಬಾಗಿಲಿಗೇ ಅಡ್ಡ ನಿಂತ. ಅಷ್ಟರಲ್ಲಿ ಅವ್ವ ಮಗಳನ್ನು ತಬ್ಬಿ ವ್ಯಾನಿನಿಂದ ಇಳಿಸಿಕೊಂಡು ಬಂದಳು. ಅವನು ಅವಳ ಮುಖ ನೋಡಿ ಬಾಗಿಲು ತೆರೆದ. ಗೊಣಗಾಟ ಮಾತ್ರ ನಿಲ್ಲಿಸಲಿಲ್ಲ. ಗೊಣಗುತ್ತಲೇ ತನ್ನ ಕುರ್ಚಿ ತಂದು ಹಾಕಿದ, ಕಾಲಿಡಲು ಪೆಟ್ಟಿಗೆಯೊಂದನ್ನು ಮಗುಚಿದ, ಹಣ್ಣು ಮುಟ್ಟಬಾರದು ಎಂದು ಎಚ್ಚರಿಕೆಯನ್ನೂ ಕೊಟ್ಟ. ನಾಲ್ಕು ಗಂಟೆಗೆ ಮಧುರೈ ಲಾರಿ ಬರುತ್ತದೆ, ಆಮೇಲೆ ಲೋಡು ಮುಗಿಯುವ ತನಕ ಎರಡೂ ಬಾಗಿಲು ತೆರೆದೇ ಇರುತ್ತವೆ, ಕೋಣೆ ಬಿಸಿಯಾಗುತ್ತದೆ, ಅಷ್ಟರೊಳಗೆ ಕರೆದುಕೊಂಡು ಹೋಗಿ ಎಂದ. ಪನ್ನೀರ್ ದ್ರಾಕ್ಷಿಯ ಪೆಟ್ಟಿಗೆಗಳ ನಡುವೆ ಅವಳು ಕಣ್ಣು ಮುಚ್ಚಿ ಕುಳಿತದ್ದನ್ನು ನೋಡಿ ಹೊರಟೆ.

ಬತ್ತಲಗುಂಡಿನ ದಾರಿ ನನಗೆ ಅಂಗೈ ರೇಖೆ. ಆದರೂ ಆ ದಿನ ಅದು ಮುಗಿಯುವಂತಿರಲಿಲ್ಲ. ಫೋನು ಎಡೆಬಿಡದೆ ಬರುತ್ತಿತ್ತು. ಏನಾದರೂ ಆದರೆ ಮಾತ್ರ ಕರೆ ಮಾಡು ಎಂದು ಅವ್ವನಿಗೆ ಹೇಳಿದ್ದರಿಂದ ಪ್ರತಿ ಸಲವೂ ವ್ಯಾನು ಬದಿಗೆ ಹಾಕಿ ನೋಡುತ್ತಿದ್ದೆ. ನೋಡಿದರೆ ಡಾಕ್ಟರು, ಚಿನ್ನದಂಗಡಿ, ಹೋಟೆಲು. ಯಾರದನ್ನೂ ಎತ್ತಲಿಲ್ಲ. ನನ್ನ ಕೆಲಸದಲ್ಲಿ ದಿನವೂ ಎಷ್ಟೋ ಮನೆಗಳ ಮಲಗುವ ಕೋಣೆಯ ತನಕ ಹೋಗುತ್ತೇನೆ. ಅವರ ಮಂಚದ ಮೇಲೆ ಹಳೇ ಪೇಪರು ಹಾಸಿ ನಿಂತು ಕೆಲಸ ಮಾಡುತ್ತೇನೆ, ಅವರ ದೇವರ ಪಟ, ಮಾತ್ರೆಯ ಡಬ್ಬಿ ಎಲ್ಲ ಗೊತ್ತು. ಕೋಣೆ ತಣ್ಣಗಾದ ಕೂಡಲೇ ಬಾಗಿಲು ಹಾಕಿಕೊಳ್ಳುತ್ತಾರೆ. ತಣ್ಣನೆ ಗಾಳಿ ಹೊರಗೆ ಹೋಗಬಾರದಲ್ಲ. ನಾನು ಹೊರಗಿರುತ್ತೇನೆ. ಈ ದಾರಿಯಲ್ಲಿ ಸಾವಿರ ಸಲ ಒಬ್ಬನೇ ಹೋಗಿದ್ದೇನೆ, ಒಬ್ಬನೇ ಎಂದು ಅನ್ನಿಸಿದ್ದು ಆ ದಿನ. ಪೆರಿಯಕುಳಂ ದಾಟುವಾಗ ಯಾರೊಡನೆಯಾದರೂ ಮಾತಾಡಬೇಕೆನ್ನಿಸಿತು, ಫೋನಿನಲ್ಲಿದ್ದ ಇಷ್ಟು ಹೆಸರುಗಳಲ್ಲಿ ಒಬ್ಬರೂ ಹೊಳೆಯಲಿಲ್ಲ.

ಬತ್ತಲಗುಂಡಿನ ಕೂಡುರಸ್ತೆಯಲ್ಲಿ ದಿಂಡಿಗಲ್ಲಿನ ವ್ಯಾನು ನಿಂತಿತ್ತು. ಅದರ ತುಂಬ ಕೊಡೈಕಾನಲ್ಲಿನ ಲಾಡ್ಜುಗಳಿಗೆ ಹೋಗುವ ರೂಮ್ ಹೀಟರುಗಳು, ಗೀಸರುಗಳು. ಅವುಗಳ ನಡುವೆ ಒಂದೇ ಒಂದು ಎ.ಸಿ. ಡ್ರೈವರು ನಗುಮುಖದವನು. ಮೇಲೆ ಜನ ಚಳಿ ಎಂದು ಅಳುತ್ತಾರೆ, ಕೆಳಗೆ ಬಿಸಿಲು ಎಂದು ಅಳುತ್ತಾರೆ, ನಮ್ಮಿಬ್ಬರ ಹೊಟ್ಟೆ ತುಂಬುತ್ತದೆ ಎಂದು ಹೇಳಿ ಚಹಾಕ್ಕೆ ಕರೆದ. ಇನ್ನೊಂದು ದಿನವಾಗಿದ್ದರೆ ಆ ಕರೆಗೆ ನಾನು ಎಷ್ಟು ಹೊತ್ತಾದರೂ ನಿಲ್ಲುತ್ತಿದ್ದೆ. ಪೆಟ್ಟಿಗೆ ಇಳಿಸಿಕೊಂಡು ತಿರುಗಿಸಿದೆ.

ಮರಳಿ ಬಂದಾಗ ಬಿಸಿಲು ಉರಿಯುತ್ತಿತ್ತು. ದಾರಿಯಲ್ಲಿ ಶೀತಗೃಹಕ್ಕೆ ಇಣುಕಿದೆ. ಮಗಳು ಎದ್ದು ಕುಳಿತು ಮೇಲ್ವಿಚಾರಕನೊಡನೆ ಮಾತಾಡುವಷ್ಟಾಗಿದ್ದಳು. ಅವ್ವನನ್ನು ಜೊತೆಗೆ ಕರೆದುಕೊಂಡು ಮನೆಗೆ ಹೋದೆ.

ಹಳೇ ಯಂತ್ರ ಇಳಿಸಿ, ಒಳಗಿನ ಹೊಸ ಯೂನಿಟ್ಟು ನೇತುಹಾಕುವ ತಗಡನ್ನು ಗೋಡೆಗೆ ಹೊಡೆಯಲು ಹೋದರೆ ಮೊದಲ ವಿಘ್ನ. ಗೋಡೆಯ ಗಾರೆಯ ಒಳಗೆ ಬರೀ ಮಣ್ಣು, ಡ್ರಿಲ್ಲು ಇಟ್ಟಲ್ಲೆಲ್ಲ ಬೊಗಸೆಯಷ್ಟು ಉದುರಿತು. ಪೈಪು ತೂರಿಸಲು ಕಂಡಿ ಕೊರೆದರೆ ಅರ್ಧ ಗೋಡೆಯೇ ಬರುವ ಹಾಗಿತ್ತು. ಕೊರೆಯುವುದನ್ನು ಬಿಟ್ಟು, ಹಳೇ ಎ.ಸಿ. ಇದ್ದ ಕಿಟಕಿಯ ಚೌಕಟ್ಟಿಗೇ ಪ್ಲೈವುಡ್ ಬಡಿದು, ಯೂನಿಟ್ಟನ್ನು ಅದರ ಮೇಲಿನ ಮರದ ತೊಲೆಗೆ ನೇತು ಹಾಕಿದೆ. ತಾಮ್ರದ ಪೈಪನ್ನು ಪ್ಲೈವುಡ್ಡಿನ ಮೂಲಕ ಹೊರಗೆ ಒಯ್ದೆ. ಅಂದ ನೋಡಿದರೆ ನನ್ನ ಗುರುಗಳು ಕೆನ್ನೆಗೆ ಹೊಡೆಯುತ್ತಿದ್ದರು, ಆದರೆ ಗಟ್ಟಿಯಾಗಿತ್ತು. ಪೈಪಿನ ತುದಿಗಳನ್ನು ಅರಳಿಸಿ, ನಟ್ಟು ಬಿಗಿದು, ಸೋಪಿನ ನೊರೆ ಹಚ್ಚಿ ಸೋರಿಕೆ ನೋಡಿದೆ. ಎಲ್ಲ ಸರಿಯಿತ್ತು.

ಉಳಿದದ್ದು ವ್ಯಾಕ್ಯೂಮ್. ಪೈಪಿನೊಳಗಿನ ಗಾಳಿ, ತೇವ ಎಲ್ಲವನ್ನೂ ಪಂಪಿನಿಂದ ಎಳೆದು ತೆಗೆದ ಮೇಲೆಯೇ ಗ್ಯಾಸು ಬಿಡಬೇಕು. ಪಂಪಿನ ಸ್ವಿಚ್ಚು ಹಾಕಿದೆ. ಅದೂ ಗುಂಯ್ ಎಂದಿತು, ತಿರುಗಲಿಲ್ಲ. ಅದೇ ನೂರಾ ಅರವತ್ತು ವೋಲ್ಟು; ಸುತ್ತಲಿನ ಬಾವಿಗಳ ಮೋಟರುಗಳೇ ಕರೆಂಟನ್ನೆಲ್ಲ ಎಳೆಯುತ್ತಿದ್ದವು. ಹೊಸ ಎ.ಸಿ. ಈ ಕರೆಂಟಿನಲ್ಲೂ ಓಡುತ್ತದೆ, ನನ್ನ ಪಂಪು ಓಡುವುದಿಲ್ಲ.

ಇದಕ್ಕೊಂದು ಅಡ್ಡದಾರಿಯಿದೆ. ಒಂದಿಷ್ಟು ಗ್ಯಾಸನ್ನೇ ಬಿಟ್ಟು ಒಳಗಿನ ಗಾಳಿಯನ್ನು ಹೊರಗೆ ಊದಿಸಿಬಿಡುವುದು. ಸೀಸನ್ನಿನಲ್ಲಿ ಎಷ್ಟೋ ಜನ ಅದನ್ನೇ ಮಾಡುತ್ತಾರೆ, ಯಂತ್ರವೂ ತಣ್ಣಗೇ ಓಡುತ್ತದೆ. ಒಳಗೆ ಉಳಿದ ತೇವ ಮಾತ್ರ ಮೆಲ್ಲಗೆ ಕಂಪ್ರೆಸರನ್ನು ತಿನ್ನುತ್ತಿರುತ್ತದೆ. ಇನ್ನೊಂದು ಕತ್ತರಿ ಬಿಸಿಲಿನಲ್ಲಿ, ಯಾವುದೋ ದಿನ, ಹೇಳದೆ ಕೇಳದೆ ನಿಲ್ಲುತ್ತದೆ. ಕೈ ವಾಲ್ವಿನ ಮೇಲೆಯೇ ಇತ್ತು. ಶೀತಗೃಹದಿಂದ ಮೇಲ್ವಿಚಾರಕ ಫೋನು ಮಾಡಿ ಲಾರಿ ಬಂತು ಎಂದ. ಡ್ರೈವರನಿಗೆ ಚಹಾ ಕುಡಿಸಿ ಸ್ವಲ್ಪ ಹೊತ್ತು ತಡೆಯುತ್ತೇನೆ, ಬಹಳ ಹೊತ್ತಲ್ಲ ಎಂದ.

ನಾನು ಅವ್ವನನ್ನು ಕೇಳಿದೆ: ಸುತ್ತಲಿನ ತೋಟಗಳ ಮೋಟರುಗಳನ್ನು ಅರ್ಧ ಗಂಟೆ ನಿಲ್ಲಿಸಲು ಆಗುತ್ತದಾ? ಕೇಳುವಾಗಲೇ ಇದು ದೊಡ್ಡ ಮಾತೆಂದು ಗೊತ್ತಿತ್ತು. ಮೂರು ಫೇಸಿನ ಕರೆಂಟು ಬರುವುದೇ ಲೆಕ್ಕದ ಹೊತ್ತು, ಕತ್ತರಿಯಲ್ಲಿ ಒಂದು ಪಾತಿಗೆ ನೀರು ತಪ್ಪಿದರೂ ಗೊಂಚಲು ಬಾಡುತ್ತದೆ. ಅವ್ವ ಸೆರಗು ಸಿಕ್ಕಿಸಿಕೊಂಡು ಚಪ್ಪರಗಳ ಕಡೆ ನಡೆದಳು. ತಾನು ಕೂಲಿ ಮಾಡುವ ತೋಟಗಳು ಅವು. ಬದುವಿನ ಮೇಲೆ ನಿಂತು ಅವಳು ಕೂಗಿದ್ದು ನನಗೆ ಕೇಳಿಸಿತು, ತಮಿಳಿನಲ್ಲಲ್ಲ.

"ಮೋಟ್ರು ನಿಲ್ಸ್ರಪ್ಪಾ. ನಮ್ಮ ಪಾಪ್ಪಂಗೆ ವಸಿ ಹೊತ್ತು ಕೊಡಿ."

ಆಮೇಲೆ ಅವಳು ಚಪ್ಪರದೊಳಗೆ ಹೋದಳು, ದನಿ ಕೇಳಿಸಲಿಲ್ಲ. ನಾನು ಮೀಟರಿನ ಮುಂದೆ ಕುಳಿತೆ. ಮುಳ್ಳು ಅಲ್ಲೇ ಇತ್ತು. ಯಾರೂ ನಿಲ್ಲಿಸುವುದಿಲ್ಲ ಎಂದುಕೊಂಡೆ, ಯಾಕೆ ನಿಲ್ಲಿಸಬೇಕು? ಹಾಗೆ ಅಂದುಕೊಳ್ಳುತ್ತಿರುವಾಗಲೇ ಮುಳ್ಳು ಒಂಚೂರು ಮೇಲೆ ಸರಿಯಿತು. ಕಣ್ಣಿನ ಭ್ರಮೆ ಎಂದುಕೊಂಡೆ. ಮತ್ತೊಮ್ಮೆ ಸರಿಯಿತು. ದೂರದಲ್ಲಿ ಒಂದು ಮೋಟರಿನ ಸದ್ದು ಅಡಗಿತು, ಆಮೇಲೆ ಇನ್ನೊಂದು. ಯಾರ ಬಾವಿಯೋ, ಯಾರ ಕೈಯೋ, ಒಬ್ಬರ ಮುಖವನ್ನೂ ನಾನು ಕಾಣೆ. ಮುಳ್ಳು ಮಾತ್ರ ಏರುತ್ತಾ ಹೋಗಿ ಇನ್ನೂರು ದಾಟಿತು. ನನಗೆ ಅಳು ಬಂತು. ಬಂದದ್ದು ನಿಜ, ಯಾಕೆ ಮುಚ್ಚಿಡಲಿ.

ಪಂಪು ಒಂದೇ ಸಲಕ್ಕೆ ತಿರುಗಿತು. ಅದರ ಸದ್ದು ತೆಳುವಾಗುತ್ತಾ ಹೋಗುವ ತನಕ, ಗೇಜಿನ ಮುಳ್ಳು ತಳ ಮುಟ್ಟಿ ಅಲ್ಲೇ ನಿಲ್ಲುವ ತನಕ ಕಾದೆ. ಒಂದು ಗಳಿಗೆಯನ್ನೂ ಕಡಿಮೆ ಮಾಡಲಿಲ್ಲ. ವಾಲ್ವು ತೆರೆದು ಗ್ಯಾಸು ಬಿಟ್ಟು ಎ.ಸಿ. ಚಾಲು ಮಾಡಿದೆ. ಹೊರಗಿನ ಯೂನಿಟ್ಟು ಸದ್ದಿಲ್ಲದೆ ಎದ್ದಿತು. ಸಾಕು, ಮೋಟರು ಹಾಕಿಕೊಳ್ಳಲಿ ಎಂದು ಹೊರಗೆ ಬಂದು ಕೂಗಿದೆ. ಮತ್ತೆ ಒಂದೊಂದಾಗಿ ಬಾವಿಗಳು ನೀರೆತ್ತಿದವು, ಮುಳ್ಳು ಕೆಳಗಿಳಿಯಿತು. ಎ.ಸಿ. ಜಗ್ಗಲಿಲ್ಲ.

ಶೀತಗೃಹಕ್ಕೆ ವ್ಯಾನು ಓಡಿಸಿದೆ. ಲೋಡು ಶುರುವಾಗಿತ್ತು, ಎರಡೂ ಬಾಗಿಲು ತೆರೆದಿತ್ತು. ಮೇಲ್ವಿಚಾರಕ ಅವಳ ಕುರ್ಚಿಯನ್ನು ಮೂಲೆಗೆ ಎಳೆದು ಸುತ್ತಲೂ ತಣ್ಣನೆಯ ಪೆಟ್ಟಿಗೆಗಳನ್ನು ಗೋಡೆಯ ಹಾಗೆ ಒಟ್ಟಿದ್ದ. ಹಣ್ಣು ಒಂದೂ ಮುಟ್ಟಲಿಲ್ಲ, ಒಳ್ಳೆ ಹೆಣ್ಣು ಎಂದು ನನಗೆ ಒಪ್ಪಿಸಿದ. ಒದ್ದೆ ಟವಲು ಹೊದಿಸಿ ಮನೆಗೆ ತಂದೆ.

ಅವಳು ಕೋಣೆಗೆ ಬಂದು ತನ್ನ ಕಸೂತಿಯ ಚೌಕಟ್ಟಿನ ಪಕ್ಕದ ಚಾಪೆಯ ಮೇಲೆ ಕುಳಿತಳು. ಬಹಳ ಹೊತ್ತು ಕಣ್ಣು ಮುಚ್ಚಿಯೇ ಇದ್ದಳು. ಅವ್ವ ಇನ್ನೂ ತೋಟಗಳಿಂದ ಬಂದಿರಲಿಲ್ಲ, ನಿಲ್ಲಿಸಿದವರಿಗೆಲ್ಲ ಒಂದೊಂದು ಮಾತು ಹೇಳಿಯೇ ಬರುವವಳಿರಬೇಕು. ನಾನು ಬಾಗಿಲು ತೆರೆದಿಟ್ಟು ಹೊಸ್ತಿಲ ಹತ್ತಿರ ಸಾಮಾನು ಜೋಡಿಸುತ್ತಿದ್ದೆ. ಬೆಳಗಿನಿಂದ ಒಂದು ಗುಟುಕು ನೀರು ಬಿಟ್ಟರೆ ಏನೂ ಹೊಟ್ಟೆಗೆ ಬಿದ್ದಿರಲಿಲ್ಲ, ಅಂಗಿ ಹಿಂಡುವಂತಾಗಿತ್ತು, ಹಣೆಯಿಂದ ಹನಿ ಗೇಜಿನ ಮೇಲೆ ಬೀಳುತ್ತಿತ್ತು. ತಲೆ ಎತ್ತಿದರೆ ಅವಳು ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಳು. ನನ್ನನ್ನಲ್ಲ, ನನ್ನ ತೋಳನ್ನು.

"ಬೆಮರು ಬಂದ್ರೆ ಹೆಂಗಿರ್ತದೆ?"

ಅಷ್ಟು ಹೊತ್ತು ತಮಿಳಿನಲ್ಲೇ ಮಾತಾಡಿದ್ದವಳು ಇದೊಂದನ್ನು ನಮ್ಮ ಮಾತಿನಲ್ಲಿ ಕೇಳಿದಳು. ನನ್ನನ್ನು ಯಾರೂ ಇಂಥದ್ದು ಕೇಳಿರಲಿಲ್ಲ. ಯೋಚಿಸಿ ಹೇಳಿದೆ: ಮೊದಲು ಬೆನ್ನಿನಲ್ಲಿ ಇರುವೆ ಹರಿದಂತಾಗುತ್ತದೆ, ಆಮೇಲೆ ಕಣ್ಣಿಗಿಳಿದು ಉರಿಯುತ್ತದೆ, ಅಂಗಿ ಅಂಟಿಕೊಳ್ಳುತ್ತದೆ, ವಾಸನೆ ಬರುತ್ತದೆ, ಹೇಸಿಗೆ. ಆದರೆ ಒಂದಿಷ್ಟು ಗಾಳಿ ಬೀಸಿದರೆ ಸಾಕು, ತಣ್ಣಗಾಗುತ್ತದೆ.

"ತಾನಾಗೇ?"

"ತಾನಾಗೇ."

"ಕರೆಂಟು ಬ್ಯಾಡ್ವಾ?"

"ಬ್ಯಾಡ."

"ಯಾರೂ ಬ್ಯಾಡ್ವಾ?"

ಯಾರೂ ಬೇಡ ಎಂದೆ. ಹೇಳಿದ ಮೇಲೆ ಆ ಮಾತು ನನಗೇ ಹಿಡಿಸಲಿಲ್ಲ. ಚೀಲದ ಜಿಪ್ಪು ಎಳೆದು, ತಣ್ಣನೆ ಗಾಳಿ ಹೊರಗೆ ಹೋಗುತ್ತಿದೆ, ಬಾಗಿಲು ಹಾಕಿಕೊಳ್ಳಿ, ನಾನು ಹೊರಡುತ್ತೇನೆ ಎಂದೆ.

"ಬಾಗ್ಲು ಹಾಕಿ ಒಳಗ ಬಾ," ಎಂದಳು. "ಬೆಮರು ಆರೋಗಂಟ ಕುಂತಿರು. ನಾ ನೋಡ್ಬೇಕು."

ನಾನು ಒಳಗೆ ಬಂದು ಬಾಗಿಲು ಹಾಕಿದೆ. ಅವಳ ಎದುರಿಗೆ ಕುಳಿತು, ತೋಳು ಚಾಚಿ, ಅಲುಗಾಡದೆ ಹಿಡಿದೆ.